ಎದುರಾಳಿಯ ಲೈನ್

ಹುಬ್ಬಳ್ಳಿಯಲ್ಲಿ ನಾನು ಇಂಟರ್ನೆಟ್ ಅಂಗಡಿ ನಡೆಸುತ್ತಿದ್ದಾಗ ಹತ್ತಿ ವ್ಯಾಪಾರಿಯೊಬ್ಬರು ಮಧ್ಯಾಹ್ನದ ಹೊತ್ತು ಆನ್‌ಲೈನ್ ಚದುರಂಗ ಆಡಲು ಬರುತ್ತಿದ್ದರು. ಒಳಗೆ ಕಾಲಿಡುತ್ತಲೇ, "ಲೈನ್ ಹೆಂಗೈತ್ರಿ ಇವತ್ತ?" ಎಂದು ಕೇಳುವರು. ಛಲೋ ಐತಿ ಎಂದರೆ ನಂಬುತ್ತಿರಲಿಲ್ಲ. ಪರದೆಯ ಮೇಲೆ ಇಬ್ಬರೂ ಆಟಗಾರರ ಹೆಸರಿನ ಪಕ್ಕ, ಸಂಪರ್ಕ ಹೇಗಿದೆಯೆಂದು ತೋರಿಸುವ ಹಸಿರು ಗೀಟುಗಳಿರುತ್ತಿದ್ದವು. ಪ್ರತಿ ನಡೆಗೆ ಮುಂಚೆ ಅವುಗಳ ಮೇಲೆ ಉಗುರಿಟ್ಟು ನೋಡುವರು. ತಮ್ಮದನ್ನಷ್ಟೇ ಅಲ್ಲ, ಎದುರಾಳಿಯದನ್ನೂ.

ಒಮ್ಮೆ ಅವರು ಸ್ಪರ್ಧೆಯೊಂದರ ಕೊನೆಯ ಸುತ್ತಿಗೆ ಬಂದಿದ್ದರು. ಅಷ್ಟು ದೂರ ಅವರು ಹಿಂದೆಂದೂ ತಲುಪಿರಲಿಲ್ಲ. ಆಟ ಸಮಸಮ ನಡೆದಿರುವಾಗ ಎದುರಾಳಿಯ ಗೀಟುಗಳು ಕೆಂಪಾಗಿ ಆರಿಹೋದವು. ಗೆಲುವು ಪಡೆಯುತ್ತೀರೋ, ಕಾಯುತ್ತೀರೋ ಎಂದು ಪರದೆ ಕೇಳಿತು.

"ಒತ್ತಿ ಬಿಡ್ರಿ ಕಾಕಾ, ಗೆದ್ದಂಗ ಆತು," ಎಂದೆ.

ಅವರು ಕಾಯುತ್ತೇನೆ ಎಂಬುದನ್ನು ಒತ್ತಿ, ಕೈಕಟ್ಟಿ ಕುಳಿತರು. ಫ್ಯಾನಿನ ಕೆಳಗೂ ಹಣೆ ಬೆವೆತಿತ್ತು. ಬಹಳ ಹೊತ್ತಿನ ಮೇಲೆ ಗೀಟುಗಳು ಮತ್ತೆ ಹಸಿರಾದವು. ಎದುರಾಳಿ ಬಂದ, ಕುದುರೆ ನಡೆಸಿದ. ಸ್ವಲ್ಪದರಲ್ಲೇ ಇವರ ರಾಜ ಸಿಕ್ಕಿಬಿದ್ದ.

ಅವರ ಮುಖ ಕಪ್ಪಿಟ್ಟಿತು. ಸೋಲು ಅವರಿಗೆ ಸುಲಭವಾಗಿ ಇಳಿಯುವಂಥದ್ದಲ್ಲ.

"ಸುಮ್ಮನ ಕಾಯ್ದ್ರಿ ನೋಡ್ರಿ," ಎಂದೆ.

"ಅಂವಾ ಎಲ್ಲೆ ಎದ್ದು ಹೋಗಿದ್ದಾ? ಲೈನ್ ಹೋಗಿತ್ತು," ಎಂದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. "ನಾಳಿಗೂ ಈ ಮಶೀನ್ ನನಗ ಇಡ್ರಿ. ಅವನ್ನ ಇನ್ನೊಂದಾಟಕ್ಕ ಕರದೇನಿ."