ಫ್ರೀ ಅದೀರೇನ್ರಿ?

ಕರಿಹಲಗೆಯ ನಡುವೆ 'ಫ್ರೀ' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು ಅದರ ಸುತ್ತ ಅರ್ಥಗಳಿಗಾಗಿ ನಾಲ್ಕು ಗೀಟು ಎಳೆದಿದ್ದೆ. ಎಂಟನೆಯ ತರಗತಿಯ ಮಕ್ಕಳು ಮೂರನ್ನು ತಾವೇ ತುಂಬಿಸಿದರು: ಹೆಂಗಸರಿಗೆ ದುಡ್ಡು ಕೇಳದ ಬಸ್ಸು, ಪಾಠವಿಲ್ಲದ ಪೀರಿಯಡ್, ಸೋಪಿನ ಜೊತೆ ಬರುವ ಬಟ್ಟಲು. ನಾಲ್ಕನೆಯದಕ್ಕೆ ನಾನು 'ಸ್ವತಂತ್ರ' ಎಂದು ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದಳು.

"ನಮ್ಮ ಕಾಕಾನೂ ಅಗದಿ ಫ್ರೀ ಅದಾನ್ರಿ ಟೀಚರ್. ಮುಂಜಾನಿಂದ ಕಟ್ಟಿ ಮ್ಯಾಲ ಕುಂತಿರ್ತಾನ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಶಲವಡಿಯಲ್ಲಿ ಅತಿಥಿ ಶಿಕ್ಷಕಿಯಾಗಿ ನನಗದು ಮೊದಲ ವರ್ಷ. ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಇದ್ದೆ. ಆ ಸಂಜೆ ಮನೆಯೊಡತಿ ಶೇಂಗಾ ಹುರಿಯುತ್ತ ಕೇಳಿದರು.

"ನಾಳೆ ಎಳ್ಳಮಾಸಿರಿ. ಚರಗ ಚೆಲ್ಲಾಕ ಹೊಲಕ್ಕ ಹೊಂಟೀವಿ. ಫ್ರೀ ಅದೀರೇನ್ರಿ? ನಮ್ಮ ಜೋಡಿ ಬರ್ರಿ."

ಎಳ್ಳು ಅಮಾವಾಸ್ಯೆ ಎಂದರೆ ಹೊಲದ ನಾಲ್ಕೂ ದಿಕ್ಕಿಗೆ ಕಡಬಿನ ಅಡುಗೆ ಚೆಲ್ಲಿ, ಬೆಳೆಯ ನಡುವೆ ಎಲ್ಲರೂ ಕೂತು ಉಣ್ಣುವ ಹಬ್ಬ. ಹೋಗಬೇಕೆಂದು ವಾರದಿಂದ ಆಸೆಪಟ್ಟಿದ್ದೆ. ಆದರೂ, "ಬ್ಯಾಡ್ರಿ ಅಕ್ಕಾರ, ಪೇಪರ್ ತಿದ್ದೋದೈತಿ" ಎಂದೆ. ಕಲಘಟಗಿಯ ನಮ್ಮ ಮನೆಯಲ್ಲಿ ಮೊದಲ ಕರೆಗೇ ಹೂಂ ಅಂದರೆ ಅವ್ವ ಚಿವುಟುತ್ತಿದ್ದಳು. ಎರಡು ಸಲ ಬೇಡವೆಂದು ಮೂರನೆಯದಕ್ಕೆ ಏಳಬೇಕು.

"ಆತ್ ಬಿಡ್ರಿ" ಎಂದು ಅವರು ಶೇಂಗಾ ಕೈಯಾಡಿಸಿದರು. ಆ ಮನೆಯವರು ಒಂದೇ ಸಲ ಕೇಳುತ್ತಾರೆ, ಹೇಳಿದ್ದನ್ನು ನಂಬುತ್ತಾರೆ.

ಮರುದಿನ ಹನ್ನೊಂದರ ಹೊತ್ತಿಗೆ ಕೊನೆಯ ಟ್ರ್ಯಾಕ್ಟರ್ ಹೊರಟಿತು. ಓಣಿಯ ಬಾಗಿಲುಗಳಿಗೆಲ್ಲ ಕೀಲಿ. ಅಂಗಡಿಯೂ ಮುಚ್ಚಿತ್ತು. ತಿದ್ದಲು ಪೇಪರುಗಳೇ ಇರಲಿಲ್ಲ. ಅನ್ನಕ್ಕೆ ಮೊಸರು ಕಲಸಿಕೊಂಡು ಹೊಸ್ತಿಲ ಬಳಿ ಕೂತು ಉಂಡೆ. ಮಧ್ಯಾಹ್ನ ಅವ್ವನ ಫೋನ್ ಬಂತು.

"ಎಲ್ಲೂ ಹೋಗಲಿಲ್ಲೇನ ಬೇ?"

"ಹೋಗಿದ್ದೆ. ಊಟ ಛಲೋ ಇತ್ತು."

ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಕಂಡು ನನಗೇ ಅಂಜಿಕೆಯಾಯಿತು. ಹೀಗೇ ಎಷ್ಟು ವರ್ಷ ಕಳೆಯಬಲ್ಲೆ ಎಂದು ಎಣಿಸತೊಡಗಿ, ನಿಲ್ಲಿಸಿದೆ.

ಸಂಜೆ ಅವರು ಮರಳಿದರು. ಗೋಡೆಯಾಚೆ ಪಾತ್ರೆ ಇಳಿಸುವ ಸದ್ದು, ಮಾತು, ನಗು. ನನ್ನ ಬಾಗಿಲು ಯಾರೂ ಬಡಿಯಲಿಲ್ಲ. ಕೆಲಸದಲ್ಲಿದ್ದೇನೆ ಎಂದುಕೊಂಡಿರಬೇಕು.

ಮರುದಿನ ಬೆಳಿಗ್ಗೆ ಖಾಲಿ ತಾಟು ಹಿಡಿದು ಅವರ ಅಡುಗೆಮನೆಯ ಬಾಗಿಲಿಗೆ ಹೋದೆ.

"ಅಕ್ಕಾರ, ಕಡಬು ಉಳದಾವೇನ್ರಿ?"

ಅವರು ನನ್ನನ್ನೊಮ್ಮೆ, ತಾಟನ್ನೊಮ್ಮೆ ನೋಡಿದರು.

"ನಾಕ ಅದಾವ. ಒಳಗ ಬರ್ರಿ."

ಹೋಗಿ ಕೂತೆ.