ಸಾಲು ಮುಗಿದಾಗ ಏಳುವ ಎಡಗೈ

ನನ್ನ ಎಡಗೈಗೆ ಒಂದು ದುರಭ್ಯಾಸವಿದೆ. ಪಿಯಾನೊ ನುಡಿಸುವಾಗ ಎದುರಿನ ಪುಸ್ತಕದಲ್ಲಿ ಒಂದು ಸಾಲು ಮುಗಿಯಿತೆಂದರೆ ಸಾಕು, ಅದು ಯಜಮಾನನ ಅಪ್ಪಣೆಗೂ ಕಾಯದೆ ಮೇಲೆದ್ದು, ಅಲ್ಲಿಲ್ಲದ ಒಂದು ಹಿಡಿಯನ್ನು ಬಲಕ್ಕೆ ತಳ್ಳಿ, ಏನೂ ನಡೆದೇ ಇಲ್ಲವೆಂಬ ಮುಖಮುದ್ರೆಯಿಂದ (ಕೈಗೆಲ್ಲಿಯ ಮುಖ ಎನ್ನಬೇಡಿ, ನನ್ನದಕ್ಕಿದೆ) ಸ್ವಸ್ಥಾನಕ್ಕೆ ಮರಳುತ್ತದೆ. ಅಷ್ಟರಲ್ಲಿ ಸಂಗೀತ ಕೆಟ್ಟಿರುತ್ತದೆ.

ತಪ್ಪು ಕೈಯದಲ್ಲ. ಚಿತ್ರದುರ್ಗದಲ್ಲಿ ಬಹುಕಾಲ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು ನಾನು. ಟೈಪ್‌ರೈಟರಿನಲ್ಲಿ ಸಾಲಿನ ಕೊನೆಗೆ ಟಿಣ್ ಎಂದು ಗಂಟೆಯಾಗಬೇಕು, ಎಡಗೈ ಹಿಡಿಯನ್ನು ತಳ್ಳಬೇಕು, ಕಾಗದ ಮುಂದಿನ ಸಾಲಿಗೆ ಸರಿಯಬೇಕು. ಇದು ನನ್ನ ನಿತ್ಯಕರ್ಮವಾಗಿತ್ತು. ಕಂಪ್ಯೂಟರು ಬಂದು ಆ ಗಂಟೆಯ ಸದ್ದಡಗಿ, ನಾನು ಬಾಗಿಲು ಹಾಕಿ ಮನೆ ಸೇರಿದೆ. ಆದರೆ ಬೆರಳುಗಳು ನಿವೃತ್ತಿಯನ್ನು ಒಪ್ಪಲಿಲ್ಲ. ಊಟದ ತಟ್ಟೆ, ಕಿಟಕಿಯ ಚೌಕಟ್ಟು, ಸಿಕ್ಕಿದ್ದನ್ನೆಲ್ಲ ಕುಟ್ಟುತ್ತಿದ್ದವು. "ಕುಟ್ಟೋದಾದ್ರೆ ಕಿವಿಗೆ ಹಿತವಾಗಿರೋದನ್ನಾದ್ರೂ ಕುಟ್ರಿ" ಎಂದು ಹೆಂಡತಿ ರೇಗಿದಳು. ಹೀಗೆ ಅರವತ್ತೆರಡರ ಪ್ರಾಯದಲ್ಲಿ ನಾನು, ನಮ್ಮ ಬೀದಿಯಲ್ಲೇ ಮಕ್ಕಳಿಗೆ ಪಿಯಾನೊ ಹೇಳಿಕೊಡುವ ಸುನೀತಾ ಟೀಚರ ಶಿಷ್ಯನಾದೆ.

ಕೀಲಿಮಣೆ ಎಲ್ಲಿದ್ದರೂ ಕೀಲಿಮಣೆಯೇ ತಾನೆ ಎಂಬುದು ನನ್ನ ಅಹಂಕಾರ. ಅದು ಇಳಿಯಲು ಒಂದು ವಾರ ಸಾಕಾಯಿತು. ಟೈಪಿಂಗಿನಲ್ಲಿ ಪ್ರತಿ ಅಕ್ಷರಕ್ಕೂ ಸಮಾನ ಪೆಟ್ಟು ಕೊಡುವುದು ಧರ್ಮ, ಇಲ್ಲಿ ಅದೇ ಅಧರ್ಮ. "ಮೆಲ್ಲಗೆ ಅಂಕಲ್, ಅದು ಲಾಲಿ ಹಾಡು, ಅರ್ಜಿ ಅಲ್ಲ" ಎನ್ನುತ್ತಿದ್ದರು ಟೀಚರ್. ಜೀವಮಾನವಿಡೀ ಪದಗಳ ನಡುವೆ ಜಾಗ ಬಿಡುವುದೊಂದೇ ಉದ್ಯೋಗವಾಗಿದ್ದ ನನ್ನ ಹೆಬ್ಬೆರಳಂತೂ, ಪಿಯಾನೊ ಲೆಕ್ಕದಲ್ಲಿ ಏಕಾಏಕಿ 'ಒಂದನೇ ಬೆರಳು' ಎಂಬ ಪದೋನ್ನತಿ ಪಡೆದು ಕಕ್ಕಾಬಿಕ್ಕಿಯಾಯಿತು.

ಅಂತೂ ಒಂದನೇ ಗ್ರೇಡಿನ ಪರೀಕ್ಷೆಗೆ ಹೋದೆ. ನೆಲಕ್ಕೆ ಕಾಲು ತಾಗದ ಮಕ್ಕಳ ಸಾಲಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದವನನ್ನು ತಾಯಿಯೊಬ್ಬಳು, "ಮೊಮ್ಮಗಳು ಒಳಗೆ ಹೋದ್ಲೇನ್ರಿ?" ಎಂದು ಕೇಳಿದಳು. "ಇಲ್ಲಮ್ಮ, ಮಗು ನಾನೇ" ಎಂದೆ. ಒಳಗೆ ಎಡಗೈ ನಾಲ್ಕು ಸಲ ಎದ್ದಿತು. ಫೇಲಾದೆ. ನಗಬೇಡಿ! ನಾನೂ ಮೊದಲು ನಕ್ಕೆ. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಊರವರ ಬೆರಳುಗಳನ್ನೆಲ್ಲ ಅಳೆದು ತೂಗಿದವನ ಬೆರಳನ್ನು ಈಗ ಬೇರೊಬ್ಬರು ತೂಗಿ ಕೆಳಗಿಟ್ಟಿದ್ದರು. "ಮತ್ತೆ ಕೂತ್ಕೊಳ್ಳಿ ಅಂಕಲ್, ಸೋಮವಾರದೊಳಗೆ ಹೆಸರು ಕೊಡಬೇಕು" ಎಂದರು ಟೀಚರ್. ಕೊಡುವುದಿಲ್ಲವೆಂದು ಮನಸ್ಸಿನಲ್ಲೇ ನಿಶ್ಚಯಿಸಿದೆ. ಆ ಮುಖಭಂಗ ಇನ್ನೊಮ್ಮೆ ಯಾರಿಗೆ ಬೇಕು?

ಆ ಶನಿವಾರ ಯಾವುದೋ ಕೆಲಸಕ್ಕೆ ಹೊಸದುರ್ಗಕ್ಕೆ ಹೋದವನು, ಅರ್ಜಿ, ಅಫಿಡವಿಟ್ಟು ಟೈಪು ಮಾಡಿಕೊಡುವ ಅಂಗಡಿಯೊಂದರಲ್ಲಿ ಸರದಿಗಾಗಿ ಕಾದಿದ್ದೆ. ನನ್ನ ನಿಶ್ಚಯ ಬೆರಳುಗಳಿಗೆ ತಿಳಿದಿರಲಿಲ್ಲ. ಮೇಜಿನ ಅಂಚಿನ ಮೇಲೆ ಪಾಠ ಒಪ್ಪಿಸುತ್ತಿದ್ದವು. ಸಾಲು ಮುಗಿಯಿತು, ಎಡಗೈ ಎದ್ದಿತು. ಕಂಪ್ಯೂಟರಿನ ಹಿಂದಿದ್ದ ಹೆಂಗಸು ನೋಡಿಬಿಟ್ಟಳು.

"ದುರ್ಗದ ಟೈಪಿಂಗ್ ಮೇಷ್ಟ್ರಲ್ವಾ ಸಾ ನೀವು? ನಾನು ಮತ್ತೋಡಿನ ಜುಂಜಮ್ಮ. ಬರ್ರಿ, ಫ್ಯಾನಿನ ಕೆಳಗೆ ಕುಂತ್ಕಳ್ರಿ."

ಹೆಸರು ಕೇಳಿದ್ದೇ ಮೇಜಿನ ಮೇಲಿಂದ ಕೈ ಹಿಂದಕ್ಕೆಳೆದುಕೊಂಡೆ. ಕುರಿ ಸಾಕುವವರ ಮನೆಯಿಂದ ದಿನವೂ ಬಸ್ಸು ಹಿಡಿದು ಬರುತ್ತಿದ್ದ ಹುಡುಗಿ. ಟೈಪಿಂಗಿನ ಜೂನಿಯರ್ ಪರೀಕ್ಷೆಯಲ್ಲಿ ಮೂರನೆಯ ಸಲವೂ ಫೇಲಾದಾಗ ನಾನು ಎಲ್ಲರೆದುರು, "ಕುರಿ ಹಿಡಿಯೋ ಬೆರಳಮ್ಮ ಇವು, ಟೈಪಿಂಗಿಗೆ ಒಗ್ಗಲ್ಲ, ಬಿಡು" ಎಂದಿದ್ದೆ. ಎಲ್ಲರೂ ನಕ್ಕರು. ಮರುದಿನದಿಂದ ಅವಳು ಬರಲಿಲ್ಲ. ನಾನದನ್ನು ವಿನೋದವೆಂದೇ ತಿಳಿದಿದ್ದೆ, ಫೇಲಾಗುವುದೆಂದರೇನೆಂದು ಸ್ವತಃ ತಿಳಿಯುವವರೆಗೆ.

ಪಿಯಾನೊ, ಪರೀಕ್ಷೆ, ಫೇಲು, ಇನ್ನು ಕೂರುವುದಿಲ್ಲವೆಂಬ ನಿಶ್ಚಯ, ಎಲ್ಲವನ್ನೂ ಅವಳೆದುರು ಒಪ್ಪಿಸಿ, "ಅವತ್ತು ನಾನಾಡಿದ್ದು ತಪ್ಪಮ್ಮ" ಎಂದೆ. ಅವಳು ಕೀಲಿಮಣೆಯಿಂದ ಕೈ ತೆಗೆದಳು.

"ಬ್ಯಾಸರಾಗಿತ್ತು ಸಾ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಹೊಳಲ್ಕೆರೆಗೆ ಹೋಗಿ ಕಲ್ತು, ನಾಕನೇ ಸಲ ಪಾಸಾದೆ. ನಿಮಗೇ ಮೊದ್ಲು ಹೇಳಾಣ ಅಂತ ಸ್ವೀಟು ತಗಂಡು ದುರ್ಗಕ್ಕೆ ಬಂದಿದ್ದೆ. ಅಷ್ಟ್ರಾಗೆ ಇನ್‌ಸ್ಟಿಟ್ಯೂಟಿಗೆ ಬೀಗ ಬಿದ್ದಿತ್ತು." ಆಮೇಲೆ ನಕ್ಕಳು. "ಮೂರು ಸಲ ಫೇಲಾದೋಳು ಇಲ್ಲಿ ಕುಂತೀನಿ. ನೀವು ಒಂದೇ ಸಲಕ್ಕೆ ಎದ್ದೋದ್ರೆ ಹೆಂಗೆ ಸಾ?"

ವಾಪಸು ಬರುವ ಬಸ್ಸಿನಲ್ಲಿ ಕಣ್ಣು ತುಂಬಿಕೊಂಡಿತು. ಪಕ್ಕದವರಿಗೆ ಧೂಳು ಎಂದೆ. ಸೋಮವಾರ ಹೆಸರು ಕೊಟ್ಟೆ.

ಎರಡನೆಯ ಪರೀಕ್ಷೆಯಲ್ಲಿ ಎಡಗೈ ಒಂದೇ ಸಲ ಎದ್ದಿತು. ಗದರಲಿಲ್ಲ, ಅದರ ಪಾಡಿಗೆ ಅದು ಇಳಿಯಲು ಬಿಟ್ಟು ಮುಂದಿನ ಸಾಲು ಹಿಡಿದೆ. ಕೂದಲೆಳೆಯಲ್ಲಿ ಪಾಸಾದೆ. ಫಲಿತಾಂಶ ಬಂದ ದಿನವೇ ಮೈಸೂರುಪಾಕಿನ ಪೊಟ್ಟಣ ಹಿಡಿದು ಹೊಸದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಅಳುಕು: ಅಂಗಡಿಗೆ ಬೀಗ ಬಿದ್ದಿದ್ದರೆ? ಬಿದ್ದಿದ್ದರೂ ನ್ಯಾಯವೇ.

ಬಾಗಿಲು ತೆರೆದಿತ್ತು. ಒಳಗೆ ಜನವೋ ಜನ. ಅವರೆಲ್ಲರ ತಲೆಗಳ ಮೇಲಿಂದ ನನ್ನನ್ನೂ ನನ್ನ ಪೊಟ್ಟಣವನ್ನೂ ಕಂಡ ಜುಂಜಮ್ಮ, ಎಡಗೈಯೆತ್ತಿ, ಅಲ್ಲಿಲ್ಲದ ಹಿಡಿಯನ್ನು ಬಲಕ್ಕೆ ತಳ್ಳಿ, "ಟಿಣ್! ಎರಡನೇ ಗ್ರೇಡು ಯಾವಾಗ ಸಾ?" ಎಂದಳು.