ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕ್ಲೈಡ್ ಅಂಕಲ್ ಬೆಕ್ಕಿಗೂ "ಬನ್ರೀ" ಅನ್ನುತ್ತಿದ್ದರು. ಎಂಬತ್ತು ದಾಟಿದ, ಆರಡಿ ಎತ್ತರದ ಅಮೆರಿಕದ ಕಪ್ಪು ಮನುಷ್ಯ. ಕನ್ನಡ ಕಲಿತದ್ದೆಲ್ಲ ಮೈಸೂರಿನ ಹೆಂಡತಿ ವಸುಧಾ ಆಂಟಿಯ ಬಾಯಿಂದ. ಆಂಟಿ ಗಂಡನಿಗೆ "ರೀ" ಎಂದದ್ದನ್ನೇ ಇವರು ಲೋಕಕ್ಕೆಲ್ಲ ಹಂಚಿದರು. ಸಿಂಗಪುರದ ಕಲ್ಲಾಂಗ್‌ನ ನಮ್ಮ ಬ್ಲಾಕಿನಲ್ಲಿ ನನ್ನ ನಾಲ್ಕು ವರ್ಷದ ಮಗಳಿಗೆ ಬಹುವಚನ ಸಿಗುತ್ತಿದ್ದದ್ದು ಅವರೊಬ್ಬರಿಂದಲೇ. ನಾನು ನಕ್ಕರೆ, "ನಮ್ಮಪ್ಪಂಗೆ ನಲವತ್ತಾದ್ರೂ ಬಿಳಿಯೋರು 'ಬಾಯ್' ಅಂತಿದ್ರು ಕಣ್ರೀ. ನಾನು ಯಾರಿಗೂ ಕಮ್ಮಿ ಮಾಡಲ್ಲ" ಎನ್ನುತ್ತಿದ್ದರು.

ಅವರಪ್ಪ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುತ್ತಿದ್ದವರು. ಬಿಳಿಯರ ದೊಡ್ಡ ಲೀಗ್ ಒಳಗೆ ಸೇರಿಸದೆ ಬಾಗಿಲು ಹಾಕಿಕೊಂಡಿದ್ದರಿಂದ ಕಪ್ಪು ಜನ ತಮ್ಮದೇ ಲೀಗ್ ಕಟ್ಟಿಕೊಂಡಿದ್ದ ಕಾಲ ಅದು. ಅಲ್ಲಿನ ಗೆಲುವುಗಳು ದೊಡ್ಡ ಲೀಗಿನ ದಾಖಲೆಗೆ ಸೇರುತ್ತಿರಲಿಲ್ಲ. ಹೋಟೆಲಿನವರು ಒಳಗೆ ಬಿಡದಿದ್ದರೆ ಆಟಗಾರರಿಗೆ ಬಸ್ಸಿನಲ್ಲೇ ನಿದ್ದೆ. ಎಂಟು ವರ್ಷದ ಕ್ಲೈಡ್ ಒಂದು ಬೇಸಿಗೆಯಿಡೀ ಆ ಬಸ್ಸಿನಲ್ಲಿ ಸುತ್ತಿದ್ದರಂತೆ. ಆ ಬೇಸಿಗೆಯಲ್ಲೇ ಎದುರಾಳಿಗೆ ಒಂದೂ ಹಿಟ್ ಕೊಡದೆ ಅಪ್ಪ ಗೆದ್ದ ಪಂದ್ಯವನ್ನು ವರ್ಣಿಸುವಾಗ ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು.

ಒಂದು ಸಂಜೆ ಬ್ಲಾಕಿನ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್‌ನಲ್ಲಿ, ಚೆಂಡಾಟ ನಿಷೇಧಿಸಿದ ಬೋರ್ಡಿನ ಕೆಳಗೇ ಮಕ್ಕಳ ಕ್ರಿಕೆಟ್ ನಡೆದಿತ್ತು. "ಅವಳು ಟೂ ಸ್ಮಾಲ್ ಲಾ, ಆಂಟಿ" ಎಂದು ನನ್ನ ಮಗಳನ್ನು ಹೊರಗಿಟ್ಟರು.

"ಸೇರಿಸ್ಕೊಳ್ರೋ, ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂದೆ.

ಪಕ್ಕದಲ್ಲಿ ಕೂತಿದ್ದ ಅಂಕಲ್ ಅರ್ಥ ಕೇಳಿದರು.

"ಆಡೋಕೆ ಬಿಡ್ತೀವಿ ಅಂಕಲ್, ರನ್ ಕೌಂಟ್ ಮಾಡಲ್ಲ."

"ಇದಕ್ಕೆ ನಿಮ್ಮಲ್ಲಿ ಗಾದೆ ಬೇರೆ ಇದೆಯೇನ್ರೀ?" ಎಂದವರೇ ಎದ್ದು ಲಿಫ್ಟಿನ ಕಡೆ ನಡೆದರು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎಂದು ಬೈದುಕೊಂಡೆ.

ಮುಂದೆ, ಕಪ್ಪು ಲೀಗ್‌ಗಳ ಅಂಕಿಗಳನ್ನೂ ದೊಡ್ಡ ಲೀಗಿನ ದಾಖಲೆಗೆ ಸೇರಿಸಿದ ಸುದ್ದಿ ಬಂದಾಗ ಕೇಸರಿಬಾತ್ ಮಾಡಿಕೊಂಡು ಅವರ ಮನೆಗೆ ಓಡಿದೆ. ಅಂಕಲ್ ಫೋನ್ ತೋರಿಸಿದರು. ಅಪ್ಪನ ಹೆಸರಿನ ಮುಂದೆ ಇದ್ದದ್ದು ಒಂದೇ ಪಂದ್ಯ, ಅದೂ ಸೋತದ್ದು. ಆ ದೊಡ್ಡ ಗೆಲುವೂ ಲೀಗಿನ ಪಂದ್ಯವೇ. ಬರೆದುಕೊಳ್ಳಲು ಪತ್ರಿಕೆಯವರು ಯಾರೂ ಬಂದಿರಲಿಲ್ಲ, ಅಷ್ಟೇ.

"ಸೋತಿದ್ದನ್ನ ಮಾತ್ರ ಜೋಪಾನವಾಗಿ ಇಟ್ಕೊಂಡಿದಾರೆ ನೋಡ್ರೀ" ಎಂದರು. ಕೇಸರಿಬಾತ್ ಮುಟ್ಟಲಿಲ್ಲ. ಅಪ್ಪನ ಗೆಲುವನ್ನೂ ಸೇರಿಸಿ ಎಂದು ದಾಖಲೆಯವರಿಗೆ ಅಂದೇ ಇಮೇಲ್ ಕಳಿಸಿದರು. ಆಮೇಲೆ ಸಿಕ್ಕಾಗಲೆಲ್ಲ ಫೋನೇ ಕೈಯಲ್ಲಿ. ನನಗೆ ಸಿಟ್ಟು ಬರುತ್ತಿತ್ತು. ಮುದುಕರನ್ನು ಹೀಗೆ ಕಾಯಿಸುತ್ತಾರೆಯೇ?

ಹೋದ ತಿಂಗಳು ಅಂಕಲ್ ತೀರಿಕೊಂಡರು. ಒಂಬತ್ತನೇ ದಿನ ಉತ್ತರ ಬಂತು. ವಸುಧಾ ಆಂಟಿ ಕನ್ನಡಕ ಏರಿಸಿ ಓದಿದರು: ಬರಹದ ಪುರಾವೆ ಸಿಗುತ್ತಿಲ್ಲ, ಆ ಪಂದ್ಯವನ್ನು ಕಣ್ಣಾರೆ ಕಂಡವರು ಯಾರಾದರೂ ಬದುಕಿದ್ದರೆ ದಯವಿಟ್ಟು ತಿಳಿಸಿ.

"ನೋಡಿದ್ದೋರಲ್ಲಿ ಉಳಿದಿದ್ದೋರು ಇವರೊಬ್ರೇ ಕಣೇ" ಎಂದರು ಆಂಟಿ.